ಅರ್ಧ ನೂಲು

ಚೈನಿನ ಗಾಡಿಯಾದರೆ ಸುಲಭ, ಬೆಳ್ಯಪ್ಪಣ್ಣ.
ಆಚೆ ಒಂದು ಗೀಟು, ಈಚೆ ಒಂದು ಗೀಟು,
ಕಾಲು ಸುತ್ತು ತಿರುಗಿಸಿ, ಸಮ ಬಂತೇ ನೋಡಿ,
ಚಾ ಆರುವುದರೊಳಗೆ ಕೀಲಿಕೈ ಕೊಟ್ಟುಬಿಡುತ್ತಿದ್ದೆ.
ನಿಮ್ಮದು ಶಾಫ್ಟಿನದು.
ಹಿಂದಿನ ಚಕ್ರಕ್ಕೆ ಅತ್ತಿತ್ತ ಸರಿಯುವ ಸಲುಗೆಯನ್ನೇ
ಕೊಟ್ಟಿಲ್ಲ ಮಾಡಿದವರು.
ಕೂತಲ್ಲೇ ಕೂತಿರಬೇಕು ಅದು, ಮದುವೆಮನೆಯ ಹಿರಿಯರ ಹಾಗೆ.
ಅದು ವಾರೆ ಕಂಡರೆ
ಅದನ್ನು ಹಿಡಿದುಕೊಂಡದ್ದು ಎಲ್ಲೋ ವಾರೆಯಾಗಿದೆ.

ಇಷ್ಟುದ್ದ ಹೇಳಿದೆ. ಸುಂಟಿಕೊಪ್ಪದಲ್ಲಿ ನನಗೆ
ಮಾತಿನ ಮೊಯ್ದು ಎಂದೇ ಹೆಸರು.

ಅವರು ದನದ ಆಸ್ಪತ್ರೆಯ ಕಾಂಪೌಂಡರು, ಮೊನ್ನೆ ಮೊನ್ನೆಯವರೆಗೆ.
ಗಾಡಿ, ಎಸ್ಟೇಟು ಮಾರಿ ಹೋದವನೊಬ್ಬ
ಆರು ನಾಯಿ ಒಂದು ಕುದುರೆಯ ಚಿಕಿತ್ಸೆಯ ಬಾಕಿಗೆ
ಬಿಟ್ಟುಹೋದ ಜರ್ಮನಿಯ ಮಾಲು;
ಎಂಜಿನ್ನು ಎರಡೂ ಕಡೆ ಕೈ ಚಾಚಿಕೊಂಡಿದೆ
ಓಣಿಯಲ್ಲಿ ದಾರಿ ಬಿಡಿ ಎನ್ನುವಂತೆ.
ಎಡಗಡೆ ಲಸಿಕೆಯ ಐಸು ಪೆಟ್ಟಿಗೆ ಕಟ್ಟಿ
ಹಟ್ಟಿಯಿಂದ ಹಟ್ಟಿಗೆ ಇಪ್ಪತ್ತೊಂದು ವರ್ಷ.
"ಎಡಕ್ಕೆ ಎಳೆಯುತ್ತಿತ್ತು ಮೊಯ್ದು,
ಪೆಟ್ಟಿಗೆಯ ಭಾರ ಅಂದುಕೊಂಡಿದ್ದೆ.
ರಿಟೈರಾದೆ, ಪೆಟ್ಟಿಗೆ ಒಪ್ಪಿಸಿ ಬಂದೆ.
ಎಳೆತವನ್ನು ಒಪ್ಪಿಸಿಕೊಳ್ಳಲಿಲ್ಲ ಅವರು."

ಗೋಣಿ ಹೊಲಿಯುವ ದಾರ ತೆಗೆದೆ.
ಹಿಂದಿನ ಟೈರಿನ ಬೆನ್ನಿಗೆ ಸುತ್ತಿ, ಎರಡೂ ಬದಿಯಿಂದ
ಮುಂದಿನ ಚಕ್ರದ ಆಚೆ ತನಕ ಎಳೆದು
ಎರಡು ಜಾಕಿಗೆ ಬಿಗಿದು
ನೆಲಕ್ಕೆ ಮೂಗು ತಾಗಿಸಿ ಒಂದು ಕಣ್ಣು ಮುಚ್ಚಿದೆ.
ಬಲಗಡೆ ಸಂದಿಯಲ್ಲಿ ಎರಡು ರೂಪಾಯಿ ನಾಣ್ಯ ಹಿಡಿಯಿತು,
ಎಡಗಡೆ ಅದರ ಜೊತೆ ಇನ್ನೊಂದೂ.

ಫ್ರೇಮಿನ ಅಕ್ಕಪಕ್ಕ ಒಂದೊಂದು ರಬ್ಬರು ಬಿರಡೆ.
ಬಿರಡೆಯೊಳಗೆ ನಟ್ಟು, ನಟ್ಟಿನೊಳಗೆ ಪಿನ್ನು,
ಪಿನ್ನುಗಳ ನಡುವೆ, ಚಕ್ರವನ್ನು ಹಿಡಿದ ತೋಳು.
ಇದನ್ನು ಎಷ್ಟು ಸಡಿಲಿಸಿದೆವೋ ಅದನ್ನು ಅಷ್ಟೇ ಬಿಗಿಸಬೇಕು.
ಇಡೀ ಗಾಡಿಯಲ್ಲಿ ತಪ್ಪು ಮಾಡಲು ಇರುವ ಜಾಗ ಇಷ್ಟೇ.

ಆ ನಟ್ಟು ಕೂತಿರುವುದು ಬಾವಿಯೊಳಗೆ.
ಪೇಟೆಯ ಯಾವ ಸಾಕೆಟ್ಟೂ ಗೋಡೆಗೆ ಸಿಕ್ಕಿಕೊಳ್ಳದೆ ಇಳಿಯದು.
ಇಳಿಯುವುದು ಒಂದೇ, ಅದು ನನ್ನ ಡಬ್ಬದಲ್ಲಿ.
ಚಾತುಕುಟ್ಟಿ ಮೇಸ್ತ್ರಿಯ ಕೈಕೆಳಗೆ ಕಲಿಯುತ್ತಿದ್ದಾಗ
ಒಂದು ನೋಂಬಿನ ತಿಂಗಳು, ಊಟವಿಲ್ಲದ ಮಧ್ಯಾಹ್ನಗಳಲ್ಲಿ
ಸಾಣೆಗೆ ಹಿಡಿದು ಹಿಡಿದು ನಾನೇ ತೆಳು ಮಾಡಿದ್ದು.
ಅದನ್ನು ಇಳಿಸಿ ತಿರುಗಿಸುವಾಗ
ಕೈ ಮೊದಲು ನಿಂತಿತು, ಆಮೇಲೆ ನಾನು.
ಈ ನಟ್ಟನ್ನು ಹಿಂದೆ ಬಿಗಿದವರು
ಈ ಜಿಲ್ಲೆಯಲ್ಲಿ ಇನ್ಯಾರಿದ್ದಾರು?
ಅಳೆಯೋ, ಕಣ್ಣು ಕುಡುಕ, ಅನ್ನುತ್ತಿದ್ದರು ಮೇಸ್ತ್ರಿ.
ಸಂಜೆಯ ಬಾಂಕಿಗೆ ಕಿವಿಕೊಟ್ಟು, ಖರ್ಜೂರದ ಕಡೆ ಮನಸ್ಸಿಟ್ಟು
ಕಣ್ಣಳತೆಯಲ್ಲೇ ಬಿಗಿದು ಓಡಿದ್ದೆನಲ್ಲ.
ಅರ್ಧ ನೂಲು.

ಡ್ರಿಲ್ ಬಿಟ್ಟಿನ ನುಣ್ಣನೆ ಬಾಲ ತೂರಿಸಿ
ಎಡಕ್ಕೊಮ್ಮೆ ಬಲಕ್ಕೊಮ್ಮೆ
ಎರಡೂ ಕಡೆ ಒಂದೇ ಥರ ಕಚ್ಚುವ ತನಕ ತಿದ್ದಿದೆ.
ಗೇರೆಣ್ಣೆಯನ್ನೂ ಬದಲಿಸಿದೆ, ಅವರು ಕೇಳದೆಯೇ.
ಅದರ ಗಂಧಕದ ನಾತ ರಾತ್ರಿ ಅನ್ನದ ತನಕ ಬಂತು.

ಮೂರನೇ ದಿನ ಬೆಳ್ಯಪ್ಪಣ್ಣ ಮತ್ತೆ ಬಾಗಿಲಲ್ಲಿ.
"ಈಗ ಬಲಕ್ಕೆ ಹೋಗುತ್ತದೆ.
ಮಾದಾಪುರದ ತಿರುವಿನಲ್ಲಿ ಬಸ್ಸಿನವನು
ನನ್ನ ಅಜ್ಜನನ್ನೂ ಸೇರಿಸಿ ಬೈದ."
ಮತ್ತೆ ದಾರ. ಎರಡೂ ಕಡೆ ಸಮ.
ಎದ್ದು, ಇಳಿದು ನಿಂತಿದ್ದವರನ್ನು ನೋಡಿದೆ.
ಬಲ ಹೆಗಲು ಎಡಕ್ಕಿಂತ ಕೆಳಗೆ.
ಬಲ ಚಪ್ಪಲಿಯ ಹೊರ ಅಂಚು ಸವೆದು ಕಾಗದ.
ಇದಕ್ಕೆಲ್ಲಿ ಬಿರಡೆ? ಯಾವ ನಟ್ಟು?

"ಹದಿನೈದು ದಿನ ಓಡಿಸಿ," ಎಂದೆ. "ಅಭ್ಯಾಸವಾಗುತ್ತದೆ."
"ಯಾರಿಗೆ?" ಎಂದರು.
ದುಡ್ಡು ಬೇಡವೆಂದೆ. ಯಾಕೆ ಎಂದರು.
ಸಾಕೆಟ್ಟನ್ನು ಅವರ ಅಂಗೈಯಲ್ಲಿಟ್ಟೆ.
ಇಂಥದ್ದು ಜಿಲ್ಲೆಗೇ ಒಂದು, ಎಂದೆ.
ಮುಂದಿನದು ಬಾಯಿಗೆ ಬರಲಿಲ್ಲ.

ಸೂಜಿ ಚುಚ್ಚುವ ಮೊದಲು ಹಸುವಿನ ಕತ್ತು ಸವರುವ ಬೆರಳಲ್ಲಿ
ಅದರ ಅಂಚನ್ನು ಸುತ್ತ ಸವರಿ,
ಬೆಳಕಿಗೆ ಹಿಡಿದು,
"ಚೆನ್ನಾಗಿ ಉಜ್ಜಿದ್ದೀಯ," ಎಂದು ವಾಪಸು ಕೊಟ್ಟು

ಹೋದರು, ರಸ್ತೆಯ ನಡುವಿಗೆ ತುಸು ಸರಿದು,
ತಿದ್ದಿಕೊಂಡು,
ಮತ್ತೆ ಸರಿದು.