ನೂರರಾಗ ಒಂದು

ಬಾ ಮೌನೇಶ, ಬಾಗಿಲಾ ಹಾಕ್ಕೊ.
ಮ್ಯಾಲಿನ ಕೆಂಪು ದೀಪ ಹತ್ತೈತಿ ಅಂತ ತಿಳ್ಕೊ.
ಬಲ್ಬ್ ಹೋಗಿ ಮೂರು ತಿಂಗಳಾತು, ಇಂಡೆಂಟ್ ಹಾಕೀನಿ.

ಪುಸ್ತಕದಾಗಿಂದು ನೀ ಓದಿ ಬಂದಿ.
ನಾ ಹೇಳೋದು ಹಟ್ಟಿ ಆಸ್ಪತ್ರಿ ಲೆಕ್ಕ.

ಗಾಜಿನ ಬುರುಡಿ. ಒಳಗ ಗಾಳಿ ಸೈತ ಇಲ್ಲ.
ಈ ಕಡಿ ಕೂದಲೆಳಿಯಂಥ ತಂತಿ. ಅದು ಕಾಯಬೇಕು,
ಕಾದ ಎಣ್ಣ್ಯಾಗಿಂದ ಸಾಸಿವಿ ಸಿಡಿದಂಗ ಕಣ ಸಿಡಿಬೇಕು.
ಸಿಡಿದದ್ದು ಎಲ್ಲಿಗೂ ಹೋಗಂಗಿಲ್ಲ,
ಬೆಲ್ಲಕ್ಕ ಮುತ್ತಿದ ನೊಣದಂಗ ತಂತಿ ಸುತ್ತನ ಇರತಾವು.
ಆಮ್ಯಾಲೆ ನೀ ಬಟನ್ ಒತ್ತತಿ.
ಎಪ್ಪತ್ತು ಸಾವಿರ ವೋಲ್ಟು ಒಂದ ಸಲ ಬರ್ರೀ ಅಂತ ಕೂಗತೈತಿ.
ಓಡತಾವು. ಎದುರಿಗೆ ಟಂಗ್‌ಸ್ಟನ್ ತಾಟು.
ಢಿಕ್ಕಿ.
ಓಡೋದರಾಗ ಕಿರಣ ಇಲ್ಲೋ ತಮ್ಮ, ತಡೆದು ನಿಲ್ಲಿಸೋದರಾಗ ಐತಿ.

ಅದರಾಗೂ ನೂರಕ್ಕ ತೊಂಬತ್ತೊಂಬತ್ತು ಬರೇ ಕಾವು.
ಒಂದ, ಒಂದ ಪಾಲು ಕಿರಣ.
ಮೊದಲ ಸಲ ಕೇಳಿದಾಗ ನಾ ನಕ್ಕಿದ್ದೆ,
ಈ ಮಷಿನ್ ರಾಯಚೂರು ಜಿಲ್ಲಾದಾಗ ಹುಟ್ಟಿರಬೇಕು ಅಂತ.
ಆಮ್ಯಾಲೆ ಕಿಟಕಿಯಾಗ ಗಣಿ ಗಾಲಿ ತಿರುಗೋದು ಕಂಡು ಸುಮ್ಮನಾದೆ.
ಟನ್ ಕಲ್ಲು ಅರೆದ್ರ ಅಲ್ಲಿ ಚಿಟಿಕಿ ಚಿನ್ನ.

ಗುಂಯ್ ಅನ್ನೋದು ಕೇಳಿದೇನು? ತಾಟು ತಿರುಗಾಕತ್ತೈತಿ.
ಒಂದ ಕಡಿ ಪೆಟ್ಟು ತಿಂದ್ರ ಕರಗಿ ಹೋಗತಿತ್ತು.
ಸದ್ದು ಸಮ ಆಗೂತನಕ ತಾಳು, ಆಮ್ಯಾಲೆ ಪೂರಾ ಒತ್ತು.

ಕೆವಿ ಅಂದ್ರ ಗುದ್ದಿನ ಜೋರು. ಎಂಎಎಸ್ ಅಂದ್ರ ಗುದ್ದಿನ ಎಣಿಕಿ.
ಹೊಟ್ಟಿ ಬಂದ ಕಾಂಟ್ರ್ಯಾಕ್ಟರಗ ಜೋರು ಏರಸು.
ಕೂಸು ಮಿಸುಕತಿದ್ರ ಎಂಎ ಹೆಚ್ಚು ಮಾಡಿ ಟೈಮ್ ಕಡಿಮಿ ಮಾಡು.
ಒಂದು ಮಾರು ದೂರ ಇದ್ದದ್ದು ಎರಡು ಮಾರಾದ್ರ
ಬರೋದು ಅರ್ಧ ಅಲ್ಲ, ಕಾಲು ಭಾಗ.
ಸೀಸದ ಏಪ್ರನ್ ಹರದೈತಿ. ಹಿಂದ ಸರಿಯಾಕ ಇಂಡೆಂಟ್ ಬೇಕಾಗಿಲ್ಲ.

ಹೆಣ್ಣುಮಕ್ಕಳು ಬಂದ್ರ ಮುಟ್ಟು ಯಾವಾಗ ಆಗಿತ್ತು ಅಂತ ಕೇಳಬೇಕು.
ನಾಚಿಕಿ ಬಂದ್ರ ನನ್ನ ಕರಿ, ಕೇಳದ ಬಿಡಬ್ಯಾಡ.
ಗುರುಗುಂಟಾದ ಒಬ್ಬಾಕಿ, ಸೊಂಟದ ಫೋಟೋ ಅಂತ ಚೀಟಿ.
ಅತ್ತಿ ಬಾಯಿಂದ ಇಲ್ಲ ಅಂದ್ಲು, ಸೊಸಿ ಕಣ್ಣಿಂದ ಹೌದಂದ್ಲು.
ಅತ್ತೀನ ಚೀಟಿಗೆ ಸಿಕ್ಕಾ ಹೊಡಿಸಿಕೊಂಡು ಬಾ ಅಂತ ಕಳಿಸಿದೆ.
ಎರಡು ತಿಂಗಳು, ಯಾರಿಗೂ ಹೇಳಿಲ್ಲ, ಅಂದ್ಲು.
ಮಷಿನ್ ಕೆಟ್ಟೈತಿ ಅಂದೆ.
ರಜಿಸ್ಟರನಾಗೂ ಹಂಗ ಬರದೆ. ಬೇಕಾದ್ರ ನೋಡು, ಐತಿ.

ಇನ್ನೊಂದು. ಕಿರಣ ದಾಟಿದ್ದೆಲ್ಲ ಕಪ್ಪು, ತಡೆದದ್ದೆಲ್ಲ ಬಿಳಿ.
ಎಲುಬು ಬಿಳಿ, ಹೆಂಗಸರ ತಾಳಿ ಬಿಳಿ, ಬರೇ ಉಸಿರು ಕಪ್ಪು.
ಈ ಎರಡು ಫಿಲ್ಮು ಬೆಳಕಿಗೆ ಹಿಡಿ.
ಒಬ್ಬನವ ಇವು, ಡ್ರಿಲ್ಲರ್ ಅಮರಗುಂಡಪ್ಪ.
ಇದು ನೌಕರಿಗೆ ಸೇರಿದಾಗಿಂದು,
ಎರಿ ಹೊಲ ಮಳಿ ಕುಡಿದಂಗ ಕಪ್ಪು.
ಇದು ಹೋದ ವಾರದ್ದು,
ಅದ ಹೊಲದಾಗ ಯಾರೋ ಜೋಳ ಚೆಲ್ಯಾರ.
ಚಿನ್ನ ಏನರ ಕಾಣತೈತೇನವ್ವಾ, ಅಂತ ಕೇಳಿದ.
ಕಲ್ಲು ಅಂತ ಹೇಳಾಕ ನನ್ನ ಬಾಯಿ ಬರಲಿಲ್ಲ.
ಡಾಕ್ಟರ್ ಹೇಳತಾರ ಅಂದೆ.

ಆ ಮೊದಲಿನ ಫಿಲ್ಮು ನಾ ನೌಕರಿಗೆ ಬಂದ ವಾರದಾಗ ತೆಗದದ್ದು.
ಉಸಿರು ತಗೋ, ಹಿಡಿ, ಅಂದೆ. ಬಟನ್ ಒತ್ತಿದೆ.
ಕ್ಯಾಸೆಟ್ ತಗೊಂಡು ಕತ್ತಲಿ ಖೋಲಿಗೆ ನಡದೆ.
ಬಾಗಿಲದಾಗ ತಿರುಗಿ ನೋಡತೀನಿ,
ಎದಿ ಉಬ್ಬಿಸಿ, ಮಾರಿ ಕೆಂಪಗ ಮಾಡಿಕೊಂಡು
ಹಂಗ ನಿಂತಾನ ಪುಣ್ಯಾತ್ಮ!
ಬಿಡು ಅನ್ನೋದ ಮರತಿದ್ದೆ ನಾ.

ಹೋದ ವಾರ ಹಿಡಿ ಅನ್ನೂದರಾಗ ಕೆಮ್ಮಿದ.
ಮೂರನೇ ಸಲಕ್ಕ ಒಂದು ಗಳಿಗಿ ನಿಂತ.
ಅಷ್ಟರಾಗ ತೆಗದೆ.

ಹೊರಗ ಮಂದಿ ಕುಂತಾರ, ಹೋಗು.
ಕೊಳ್ಳಾಗಿನ ತಾಯತ ತೆಗಿಸು. ಹೆಸರು ಕೇಳಿ ಬರಕೊ.
ಬಿಡ್ರಿ ಅನ್ನೋದ ಮರಿಬ್ಯಾಡ.