ನೀರು: ತಿಳಿ

ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಹತ್ತಕ್ಕೆ,
ನಾಂಟ್ ಹೆಲಿಗ್ ಹಳ್ಳದಲ್ಲಿ ತೊಡೆಮಟ್ಟದ ಬೂಟು ತೊಟ್ಟು
ನಿಲ್ಲುವವಳು ನಾನು.
ದಡದಲ್ಲಿ, ಮಡಚುವ ಕುರ್ಚಿಯ ಮೇಲೆ,
ಕೈಯಲ್ಲಿ ಗಡಿಯಾರ ಹಿಡಿದು ಇದ್ವಾಲ್ ಪ್ರಾಸರ್.
ಎಪ್ಪತ್ತೊಂಬತ್ತು ತುಂಬಿದೆ. ಮಂಡಿಗಳೆರಡೂ ನನ್ನವಲ್ಲ,
ಆಸ್ಪತ್ರೆಯವು, ಅನ್ನುತ್ತಾನೆ.

"ಒದಿ, ಮೆರೆರಿಡ್."
ಒದೆಯುತ್ತೇನೆ.
ಮೂರು ನಿಮಿಷ, ಹೆಚ್ಚಿಲ್ಲ ಕಡಿಮೆಯಿಲ್ಲ,
ತಳದ ಕಲ್ಲುಗಳನ್ನು ಹಿಮ್ಮಡಿಯಿಂದ ಕೆದಕಬೇಕು,
ಎದ್ದ ರಾಡಿ, ಕಿತ್ತ ಪಾಚಿ, ಬೆಚ್ಚಿದ ಜೀವ
ಹರಿವಿನೊಂದಿಗೆ ಬಂದು ಬಲೆಗೆ ಬೀಳಬೇಕು.
ಒಬ್ಬರ ಆರೋಗ್ಯ ವಿಚಾರಿಸಲು
ಬಾಗಿಲು ಒದ್ದು ಒಳಗೆ ಹೋಗುವ ಪದ್ಧತಿ
ಯಾರು ಕಲಿಸಿದರೋ.

ಬಿಳಿ ತಟ್ಟೆಗೆ ಸುರಿದಾಗ
ಮೊದಲು ಏನೂ ಇಲ್ಲ. ಕಸ, ಕಡ್ಡಿ, ಕೊಳೆತ ಎಲೆಯ ನರ.
ಸುಮ್ಮನೆ ಕಾಯಬೇಕು.
ಆಮೇಲೆ ಕಸವೇ ನಡೆಯತೊಡಗುತ್ತದೆ.
ಬಾಲ ಮೂರಿದ್ದರೆ ಮೇನೊಣದ ಮರಿ,
ಎರಡಿದ್ದರೆ ಕಲ್ಲುನೊಣದ್ದು,
ಒಂದು ಮಗ್ಗುಲಾಗಿ ಈಜುವುದು ಸಿಹಿನೀರ ಸೀಗಡಿ.
ಚಮಚದಲ್ಲಿ ಎತ್ತೆತ್ತಿ
ಐಸ್ ತಟ್ಟೆಯ ಗುಳಿಗಳಿಗೆ ಹಂಚುತ್ತೇವೆ,
ಜಾತಿಗೊಂದು ಗುಳಿ.

ಒಂದರಿಂದ ಒಂಬತ್ತು ಸಿಕ್ಕರೆ ಒಂದಂಕ.
ಹತ್ತಾದರೆ ಎರಡು.
ಎಲ್ಲ ಕೂಡಿ ಏಳು ದಾಟಿದರೆ ಹಳ್ಳ ಸೌಖ್ಯ.
ಏಳಾದರೂ ಸರಿಯೇ.
ಆರಾದರೆ ಕಚೇರಿಗೆ ಫೋನು.

ಕಲ್ಲುನೊಣ ಒಂಬತ್ತು.
ಮತ್ತೆ ಎಣಿಸಿದೆ. ಒಂಬತ್ತು.
ಮೊತ್ತ ಆರು.
"ಬಲೆಯ ಮೂಲೆ ನೋಡು," ಅಂದ ಇದ್ವಾಲ್.
ನೋಡಿದೆ. "ತಟ್ಟೆಯ ಅಂಚು ನೋಡು."
ಕಲ್ಲೊಂದಕ್ಕೆ ಅಂಟಿಕೊಂಡಿತ್ತು,
ಎರಡು ಬಾಲ, ಆರು ಕಾಲು, ಬೆನ್ನು ಸೀಳಿದ ಪೊರೆ.
ಒಳಗಿದ್ದವನು ಹಾರಿಹೋಗಿ ವಾರವಾಗಿರಬೇಕು.
"ಇದನ್ನು ಸೇರಿಸು. ಇಲ್ಲೇ ಹುಟ್ಟಿದ್ದು ತಾನೆ?"

ಇಲ್ಲ, ಅಂದೆ. ಅಂಗಿ ಇದ್ದರೆ ಆಳಿದ್ದ ಹಾಗಲ್ಲ.

ಅವನು ತುಂಬ ಹೊತ್ತು ಮಾತಾಡಲಿಲ್ಲ.
ಮೇಲೆ ಹೊಸ ಮನೆಗಳ ಸಾಲು. ಅಲ್ಲಿಂದ ಕೆಳಗೆ
ಕಲ್ಲುಗಳ ಮೈಮೇಲೆ ಬೂದು ಉಣ್ಣೆ ಬೆಳೆದಿತ್ತು.
ಎಲ್ಲೋ ಒಂದು ಕೊಳವೆ ಒಡೆದಿದೆ,
ಇಬ್ಬರ ಮೂಗಿಗೂ ಗೊತ್ತು.

"ಕಲ್ಲಿದ್ದಲು ತೊಳೆಯುವಲ್ಲಿ
ರಾತ್ರಿ ಹತ್ತರ ಪಾಳಿ ನನ್ನದು.
ತೂಬು ಎತ್ತುತ್ತಿದ್ದವನು ನಾನೇ.
ಕೆಳಗಿನ ಸೇತುವೆಯ ಹತ್ತಿರ ನನ್ನ ತಂಗಿ
ನೀರಿಗೆ ಕಾಲು ಇಳಿಬಿಟ್ಟು ಮೇಲೆತ್ತಿದರೆ
ಮೊಣಕಾಲಿನವರೆಗೂ ಕಪ್ಪು ಕಾಲ್ಚೀಲ.
ಒಂದು ಪುಸ್ತಕವಿತ್ತು, ಗೆರೆ ಹಾಕಿದ್ದು.
ತೂಬು ಇಳಿಸಿ, ಕೈ ಒರೆಸಿಕೊಂಡು ಬರೆಯುತ್ತಿದ್ದೆ:
ನೀರು: ತಿಳಿ.
ಹನ್ನೊಂದು ವರ್ಷ ಬರೆದೆ.
ದುಂಡಗಿತ್ತು ನನ್ನ ಅಕ್ಷರ. ಮೇಸ್ತ್ರಿ ಹೊಗಳುತ್ತಿದ್ದ."

ಕೈ ಚಾಚಿದ. ಪೆನ್ಸಿಲ್ ಕೊಟ್ಟೆ.
ಕಲ್ಲುನೊಣದ ಎದುರಿಗೆ ಒತ್ತಿ ಬರೆದ, ಒಂಬತ್ತು,
ಕೆಳಗಿನ ಹಾಳೆಗೂ ಮೂಡುವಷ್ಟು ಒತ್ತಿ.
ಮೊತ್ತವನ್ನೂ ಅವನೇ ಬರೆದ.

ಫೋನಿನಲ್ಲಿ ಇಪ್ಪತ್ತು ನಿಮಿಷ ಪಿಟೀಲು.
ಆಮೇಲೊಂದು ಎಳೆಯ ದನಿ
ಹಳ್ಳದ ಪೋಸ್ಟ್‌ಕೋಡ್ ಕೇಳಿತು.
ಇದ್ವಾಲ್ ತನ್ನ ಮನೆಯದನ್ನು ಕೊಟ್ಟ.

ತಟ್ಟೆಯನ್ನು ನೀರಿಗೆ ಬಗ್ಗಿಸುವ ಮುಂಚೆ
ಅವನೇ ಕಂಡದ್ದು, ಕನ್ನಡಕ ಹಣೆಗೇರಿಸಿ:
ಮರಳಿನ ಕೊಳವೆಮನೆ ಕಟ್ಟಿಕೊಳ್ಳುವ ಹುಳು,
ಆಗಲೇ ಎಣಿಸಿಯಾಗಿದ್ದದ್ದು.
ಇದರ ಮನೆ ಪೂರ್ತಿ ಕಪ್ಪು.
ಅಕ್ಕಿಕಾಳಿನಷ್ಟುದ್ದ, ಹರಳು ಹರಳಾಗಿ ಕೂಡಿಸಿದ್ದು,
ತಿರುಗಿಸಿದ ಕಡೆಯೆಲ್ಲ ಮಿಣಕ್ಕೆನ್ನುವ
ಕಲ್ಲಿದ್ದಲು.

"ಇದಕ್ಕೆಷ್ಟು?"
ಉಳಿದವಕ್ಕೆಷ್ಟೋ ಅಷ್ಟೇ, ಅಂದೆ.

ಬಗ್ಗಿಸಿದೆ. ತಲೆ ಹೊರಗಿಟ್ಟು, ಮನೆ ಎಳೆದುಕೊಂಡು,
ಕಲ್ಲಿನಡಿ ಹೋಯಿತು.
ಕುರ್ಚಿ ಮಡಚಿದೆವು.
ದಡದ ಬಳಿ, ನಾನು ಒದ್ದಲ್ಲಿ,
ರಾಡಿ ಇನ್ನೂ ಇಳಿದಿರಲಿಲ್ಲ.