ಚಿತ್ರ ಹದಿನಾಲ್ಕು

ಗುಂದಾರ್ಸ್ ಕೆಲಸ ಬಿಟ್ಟು ಹೋಗುವಾಗ
ಇನ್ನೂರಾರು ಸ್ಕ್ರೀನ್‌ಶಾಟ್ ಬಿಟ್ಟುಹೋದ.
ಒಂದು ಅಂಗೈಯಗಲ, ಒಂದು ಗೋಡೆಯಗಲ,
ಒಂದಕ್ಕೆ ಕೆಂಪು ಬಾಣ, ಒಂದಕ್ಕೆ ಹಸಿರು,
ಒಂದರ ನಟ್ಟನಡುವೆ ಮೌಸಿನ ಮೊನೆ,
ತಟ್ಟೆಯಲ್ಲಿ ಮರೆತ ಮೀನಿನ ಮುಳ್ಳಿನ ಹಾಗೆ.
ಬಲಗಡೆ ಕೆಳಮೂಲೆಯಲ್ಲಿ ಗಡಿಯಾರ:
೦೧:೪೭. ೦೨:೧೦. ೦೨:೫೫.
ಒಂದೂ ಹಗಲಿನದಲ್ಲ.

ರೀಗಾದಲ್ಲಿ ಆಗ ನವೆಂಬರ್, ನಾಲ್ಕಕ್ಕೇ ಕತ್ತಲು.
ಔಷಧಿ ಅಂಗಡಿಗಳಿಗೆ ತಂತ್ರಾಂಶ ಮಾಡುವ ಕಚೇರಿ;
ಅದನ್ನು ಬಳಸುವುದು ಹೇಗೆಂದು ಹೇಳುವ ಪುಟಗಳು
ಇನ್ನು ನನ್ನವು.

ಕತ್ತರಿಸಿದೆ. ಗಡಿಯಾರ ಹೋಯಿತು.
ಅವನಮ್ಮನ ಅರ್ಧ ಸಂದೇಶ, 'ಊಟ ಮಾ', ಅದೂ ಹೋಯಿತು.
ಎಲ್ಲಕ್ಕೂ ಒಂದೇ ಅಗಲ.
ಒತ್ತಬೇಕಾದ ಗುಂಡಿಗೆ ಮಾತ್ರ ಕಿತ್ತಳೆ ಚೌಕ,
ಇಡೀ ಪುಸ್ತಕದಲ್ಲಿ ಬೇರೆಲ್ಲೂ ಕಿತ್ತಳೆಯಿಲ್ಲ.
ಬಾಣ ಬೇಡ. ಬಾಣ ಕೂಗುತ್ತದೆ.

ರೋಗಿಯೊಬ್ಬಳು ಬೇಕಿತ್ತು. ನಿಜದವರನ್ನು ತೋರಿಸುವಂತಿಲ್ಲ.
ಗುಂದಾರ್ಸ್ ಒಂದೆಡೆ 'ಅಅಅ' ಎಂದು ಹೊಡೆದಿದ್ದ,
ಇನ್ನೊಂದೆಡೆ 'ಯಾರೋ'.
ನಾನು ಎವೆರಿತಾ ಪರೌಗಾ ಎಂದಿಟ್ಟೆ;
ನಮ್ಮ ಮಾತಿನಲ್ಲಿ ಪರೌಗ್ಸ್ ಅಂದರೆ ಮಾದರಿ.
ಹುಟ್ಟಿದ್ದು ಫೆಬ್ರುವರಿ ಇಪ್ಪತ್ತೊಂಬತ್ತು.
ರಕ್ತದೊತ್ತಡ. ಬೆಳಿಗ್ಗೆ ಒಂದು ಮಾತ್ರೆ.
ಮೂರನೇ ಚಿತ್ರದಲ್ಲಿ ಅವಳ ಹೆಸರು ಹುಡುಕುತ್ತೇವೆ,
ಒಂಬತ್ತರಲ್ಲಿ ಚೀಟಿಗೆ ಒಪ್ಪಿಗೆ,
ಹದಿನಾಲ್ಕರಲ್ಲಿ ಡಬ್ಬಿ ಸಿದ್ಧ.
ಹದಿನೈದು ಬೇರೆಯೇ ಸಂಗತಿ:
ರಸೀದಿ ಕಾಗದದ ಸುರುಳಿ ಬದಲಿಸುವುದು.

ಕುಲ್ದೀಗದಿಂದ ಫೋನು ಬಂತು. ಸ್ಕೈದ್ರೀತೆ ಅಂತ,
ನಲವತ್ತು ವರ್ಷ ಅದೇ ಕಟ್ಟೆಯ ಹಿಂದೆ ನಿಂತವರು.
"ಗುಂಡಿ ಒತ್ತಿದೆ. ಏನೂ ಆಗಲಿಲ್ಲ."
ಯಾವ ಗುಂಡಿ?
"ನಿಮ್ಮ ಪುಟದಲ್ಲಿದೆಯಲ್ಲ, ಕಿತ್ತಳೆಯದು."
ಕನ್ನಡಿಯೊಳಗಿನ ಗಂಟು. ನಗು ಬರಲಿಲ್ಲ.
ಅಷ್ಟು ಒತ್ತಿ ಕತ್ತರಿಸಿದವಳು ನಾನೇ:
ಸುತ್ತ ಕಿಟಕಿಯ ಚೂರಿಲ್ಲ, ಒಂದು ಗೆರೆಯಿಲ್ಲ,
ಬಿಳಿ ಪುಟದ ಮೇಲೆ ಬಿಳಿ ಚಿತ್ರ,
ಎಲ್ಲಿ ಮುಗಿದು ಎಲ್ಲಿ ಶುರುವೋ
ಯಾರಿಗೆ ತಾನೇ ತಿಳಿಯಬೇಕು.

"ಇನ್ನೊಂದು ಮಾತು," ಅಂದರು. "ಹದಿನಾಲ್ಕರ ಹೆಂಗಸು.
ಡಬ್ಬಿ ತಗೊಂಡು ಹೋದಳೋ?"
ಅಂಥವಳು ಯಾರೂ ಇಲ್ಲ ಎಂದೆ.
"ಗೊತ್ತು ಮಗಳೇ, ಹೆಸರೇ ಹೇಳುತ್ತಲ್ಲ.
ಆದರೆ ಕೊಟ್ಟೆ ಅಂತ ಬರೆಯೋದು ಎಲ್ಲಿ?
ಬರೆಯದಿದ್ದರೆ ಸಂಜೆಯ ಲೆಕ್ಕ ಕೂಡೋದಿಲ್ಲ.
ಮೇಲಾಗಿ ಒತ್ತಡದ ಮಾತ್ರೆ. ಬಿಡುವಂಥದ್ದಲ್ಲ."

ಹುಡುಕಿದೆ. ಇರಲಿಲ್ಲ.
ಗುಂದಾರ್ಸನ ಇನ್ನೂರಾರರಲ್ಲೂ ಇರಲಿಲ್ಲ.
ಇಷ್ಟು ವರ್ಷ ನಾವು ಯಾರ ಕೈಗೂ
ಏನನ್ನೂ ಕೊಟ್ಟಿರಲಿಲ್ಲ.

ಮತ್ತೆ ಮೊದಲಿನಿಂದ. ಪ್ರತಿ ಚಿತ್ರದ ಸುತ್ತ
ಬೆರಳಗಲ ಕಿಟಕಿ ಉಳಿಸಿದೆ, ಹೊರಗೊಂದು ಬೂದು ಗೆರೆ.
ಎವೆರಿತಾಳ ಡಬ್ಬಿಯ ಮುಂದೆ 'ಕೊಡಲಾಗಿದೆ' ಒತ್ತಿ
ಹೊಸ ಹದಿನೈದನ್ನು ಹಿಡಿದೆ.
ಮೂಲೆಯಲ್ಲಿ ೨೩:೫೨ ಇತ್ತು, ಕತ್ತರಿಸಿದೆ.
ರಸೀದಿ ಕಾಗದ ಹದಿನಾರಕ್ಕೆ ಸರಿಯಿತು,
ಅದರ ಹಿಂದಿನವೆಲ್ಲ ಒಂದೊಂದು ಹೆಜ್ಜೆ.
'ಚಿತ್ರ ನೋಡಿ' ಎಂದು ಬರೆದಿದ್ದ ಅರವತ್ತೊಂದು ಕಡೆ
ಅಂಕೆ ತಿದ್ದುವುದಿತ್ತು.
ಮೂವತ್ತರವರೆಗೆ ತಿದ್ದಿದ್ದೇನೆ.